ನಮ್ಮ ಕಡೆಯ ಸಾಕ್ಷಿಯಲ್ಲ

ಹೆಂಡತಿಯನ್ನು ಹೊಗಳುವ ಗಂಡನನ್ನು ಜನ ನಂಬುವುದಿಲ್ಲ. ಏನೋ ಎಡವಟ್ಟು ಮಾಡಿ ಸಿಕ್ಕಿಬಿದ್ದಿರಬೇಕು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನನ್ನ ಹೆಂಡತಿ ಸವಿತಾ ಲಾಯರಾಗುತ್ತಿದ್ದಾಳೆ, ನಾನು ಹೇಳಿಯೇ ತೀರುತ್ತೇನೆ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಅಬುಧಾಬಿಯ ಶಾಲೆಯಲ್ಲಿ ಮಕ್ಕಳಿಗೆ ದಾಸವಾಳ ಬಿಡಿಸಿ ತೋರಿಸುತ್ತಿದ್ದವಳು, ಬೇರೆ ವಿಷಯ ಓದಿದವರಿಗೂ ಇಂಗ್ಲೆಂಡಿನ ಕಾನೂನು ಕಲಿಸುವ ಕೋರ್ಸೊಂದು ದುಬೈನಲ್ಲಿದೆ ಎಂದು ತಿಳಿದದ್ದೇ ತಡ, ಸೇರಿಬಿಟ್ಟಳು. ಪ್ರತಿ ಶನಿವಾರ ಅಬುಧಾಬಿಯಲ್ಲಿ ನಮ್ಮ ಮನೆಯಿರುವ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಅವಳನ್ನು ದುಬೈಗೆ ಕರೆದೊಯ್ಯುತ್ತಿದ್ದ ಡ್ರೈವರ್ ನಾನೇ. "ಬಾಟನಿಗೂ ಲಾಗೂ ಎಂಥ ಸಂಬಂಧ ಮಾರಾಯ?" ಎಂದು ನಕ್ಕವನು ನನ್ನ ಮಂಗಳೂರಿನ ಗೆಳೆಯ ದಿನೇಶ.

ಕೊನೆಯ ಪರೀಕ್ಷೆ ಅಣಕು ನ್ಯಾಯಾಲಯ. ಪಾಸಾದರೆ ದುಬೈನ ವಕೀಲರ ಕಚೇರಿಯೊಂದರಲ್ಲಿ ಕೆಲಸ. ಇಲ್ಲವಾದರೆ ಮತ್ತೆ ದಾಸವಾಳ. ಅವಳು ವಾದಿಸಬೇಕಾದ ಕೇಸು ಇಷ್ಟು: ಒಬ್ಬನ ಮರದ ಬೇರಿನಿಂದ ಪಕ್ಕದವನ ಗೋಡೆ ಬಿರುಕು ಬಿಟ್ಟಿದೆ, ಸವಿತಾ ಗೋಡೆಯವನ ಪರ. ಅಭ್ಯಾಸಕ್ಕೆ ಮನೆಯಲ್ಲಿ ನಾನೇ ಜಡ್ಜ್. ಊಟದ ಮೇಜಿನ ತುದಿಯಲ್ಲಿ ಗಂಭೀರವಾಗಿ ಕೂತು, ಅವಳು ಬಾಯಿ ತೆರೆಯುವುದರೊಳಗೆ ಅವಳ ಪರ ತೀರ್ಪು ಕೊಡುತ್ತಿದ್ದೆ.

"ರೀ, ಪ್ರಶ್ನೆ ಕೇಳಿ ಅಂದ್ರೆ ಬರೀ ಭೇಷ್ ಭೇಷ್ ಅಂತೀರಲ್ಲ!" ಎಂದು ರೇಗಿದಳು. ಒಂಬತ್ತನೇ ಕ್ಲಾಸಿನ ಮಗಳು ನಿಧಿ, "ಪಪ್ಪಾ, ಯೂ ಆರ್ ಫೈರ್ಡ್. ಯಲ್ಲಾ, ಏಳಿ" ಎಂದು ಇಲ್ಲಿಯ ಅರಬಿಯಲ್ಲಿ ಅವಸರಪಡಿಸಿ ನನ್ನ ಕುರ್ಚಿ ಕಿತ್ತುಕೊಂಡಳು.

ಪರೀಕ್ಷೆಯ ದಿನ ಅಪ್ಪ ಮಗಳು ಹಿಂದಿನ ಸಾಲಿನಲ್ಲಿ ಕೂತಿದ್ದೆವು. "ಬೇರು ನೆಲದೊಳಗೆ ಎಲ್ಲಿಗೆ ಹೋಗುತ್ತದೆಂದು ಮರದವನಿಗೆ ಹೇಗೆ ಗೊತ್ತಾಗಬೇಕು?" ಎಂದು ಜಡ್ಜಮ್ಮ ಕೇಳಿದರು. ಸವಿತಾ ಕೈಯಲ್ಲಿದ್ದ ಹಾಳೆಗಳನ್ನು ಹಿಂದೆ ಮುಂದೆ ತಿರುವತೊಡಗಿದಳು. ನನ್ನ ಜೀವ ಬಾಯಿಗೆ ಬಂತು. ಬಂದ ಜೀವದ ಜೊತೆ, ಅಭ್ಯಾಸಬಲ ನೋಡಿ, "ಭೇಷ್!" ಕೂಡ ಬಂತು, ದೊಡ್ಡದಾಗಿ.

"ಯಾರದು?"

ಸವಿತಾ ತಿರುಗಿಯೂ ನೋಡದೆ, "ಅವರು ನಮ್ಮ ಕಡೆಯ ಸಾಕ್ಷಿಯಲ್ಲ, ಮೇಡಂ. ಅವರ ಮಾತನ್ನು ದಯವಿಟ್ಟು ಪರಿಗಣಿಸಬೇಡಿ" ಎಂದಳು.

ಎಲ್ಲರೂ ನಕ್ಕರು, ಅವಳೂ ನಕ್ಕಳು. ನಕ್ಕ ಮೇಲೆ ಅವಳೊಳಗಿನ ಹಳೆಯ ಟೀಚರ್ ವಾಪಸ್ ಬಂದಳು. ಬೇರು ಕೊಂಬೆಯ ನೆರಳಿಗಿಂತಲೂ ದೂರ ಹೋಗುವುದು, ನೀರು ಹೀರಿದಾಗ ಜೇಡಿಮಣ್ಣು ಕುಗ್ಗುವುದು, ಮೇಲಿನ ಗೋಡೆ ಸೀಳುವುದು, ಎಲ್ಲವನ್ನೂ ಮಕ್ಕಳಿಗೆ ಹೇಳಿದಂತೆ ಹೇಳಿ, "ಬಿರುಕನ್ನು ಪಕ್ಕದವನು ಕರೆದು ತೋರಿಸಿದ ಮೇಲೂ ಗೊತ್ತಿರಲಿಲ್ಲ ಎನ್ನುವಂತಿಲ್ಲ" ಎಂದು ಮುಗಿಸಿದಳು. ಜಡ್ಜಮ್ಮ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ನಿಧಿ ಮುನ್ನೆಚ್ಚರಿಕೆಯಾಗಿ ನನ್ನ ಬಾಯಿ ಮುಚ್ಚಿ ಹಿಡಿದಿದ್ದಳು.

ಪಾಸಾದಳು, ಕೆಲಸವೂ ಸಿಕ್ಕಿತು. ಕಂಡವರಿಗೆಲ್ಲ ಈ ಕಥೆ ಹೇಳುತ್ತಾ ಬಂದಿದ್ದೇನೆ. "ಅಷ್ಟು ಜನರ ಎದುರು ನಿನ್ನನ್ನು ಕೈಬಿಟ್ಟಳಲ್ಲ, ಬೇಜಾರಾಗ್ಲಿಲ್ವಾ?" ಎಂದ ದಿನೇಶ.

"ಬೇಜಾರೆಂಥದ್ದು? ನನ್ನನ್ನೇ ಬಿಡಲಿಲ್ಲ, ಇನ್ನು ಎದುರು ಪಾರ್ಟಿಯನ್ನು ಬಿಡ್ತಾಳೇನೋ?" ಎಂದೆ ಎದೆಯುಬ್ಬಿಸಿ.