ಎದುರಿಗೆ ಕೂತವರ ವಿರೋಧ ಪಕ್ಷ

ನಮ್ಮ ಮನೆಯವರು ಯಾವ ಪಕ್ಷದವರು ಎಂದು ಮೂರು ಊರು ಸೇರಿದರೂ ಹೇಳಲಾಗುತ್ತಿರಲಿಲ್ಲ. ಗಜೇಂದ್ರಗಡದ ನಮ್ಮ ಓಣಿಯವರು ಒಂದು ಪಕ್ಷದ ಹೆಸರು ಹೇಳುತ್ತಿದ್ದರು. ರೋಣದ ಬೀಗರು ಬೇರೊಂದು ಪಕ್ಷವೆಂದು ಆಣೆ ಮಾಡುತ್ತಿದ್ದರು. ನರಗುಂದದ ಚಹಾದಂಗಡಿಯಲ್ಲಂತೂ ಅವರನ್ನು ರೈತ ಮುಖಂಡರೆಂದೇ ತಿಳಿದಿದ್ದರು. ನಮಗೆ ಒಂದು ಗೇಣು ಹೊಲವಿಲ್ಲ! ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಅವರು ಎದುರಿಗೆ ಕೂತವರ ವಿರೋಧ ಪಕ್ಷ.

ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರನ್ನು ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿದ್ದೇನೆ, ಅಷ್ಟು ಸಾಕು.

ಒಮ್ಮೆ ನಾವು ನೇಯ್ದ ಸೀರೆಗಳ ಗಂಟು ಹೊತ್ತು ನರಗುಂದಕ್ಕೆ ಹೊರಟಿದ್ದೆವು. ರೋಣದ ಬಸ್ಸಿನಲ್ಲಿ ಪಕ್ಕದ ಅಜ್ಜ ಗೊಣಗಿದ: "ಹೆಣ್ಮಕ್ಕಳಿಗೆ ಬಸ್ಸು ಬಿಟ್ಟಿ ಮಾಡಿ ನಮಗ ಕುಂಡ್ರಾಕ ಜಾಗ ಇಲ್ಲದಂಗ ಮಾಡ್ಯಾರ ನೋಡ್ರಿ."

ಇವರು ತಿರುಗಿ ಕೂತರು. "ಯಾಕಜ್ಜಾ, ಅವರು ಅಡ್ಡಾಡಬಾರದೇನು? ನಿಮ್ಮ ಮನಿ ಅಜ್ಜಿ ತವರಮನಿ ನೋಡಿ ಎಷ್ಟ ವರ್ಷ ಆತು, ಹೇಳು ಮತ್ತ!"

ಅಜ್ಜ ಕಿಟಕಿ ಕಡೆ ಮುಖ ಮಾಡಿದ. ನನಗೆ ಎದೆಯುಬ್ಬಿತು. ಎಂಥ ಗಂಡನ ಕೈ ಹಿಡಿದಿದ್ದೇನೆ! ರೋಣದಲ್ಲಿ ಇಳಿದು ನರಗುಂದದ ಬಸ್ಸು ಹತ್ತಿದೆವು. ಅಲ್ಲಿ ಹೆಂಗಸೊಬ್ಬರು ನನ್ನ ಕಡೆ ನೋಡಿ ನಕ್ಕರು. "ಬಸ್ಸು ಬಿಟ್ಟಿ ಆಗಿದ್ದು ಭಾಳ ಚಲೋ ಆತ್ರಿ, ಹೌದಿಲ್ರಿ?"

ನಾನು ಹೂಂ ಅನ್ನುವಷ್ಟರಲ್ಲಿ ಇವರು ಬಾಯಿ ಹಾಕಿದರು. "ಏನ್ ಚಲೋ ಬಾಯಾರ? ಗಂಡಸರು ನಿಂತ ನಿಂತ ಮೊಳಕಾಲು ಹೋಗ್ಯಾವ!"

ಬದಲಾಗಿದ್ದು ಬಸ್ಸು ಎಂದುಕೊಂಡಿದ್ದೆ. ಸರ್ಕಾರವೇ ಬದಲಾಗಿತ್ತು! "ಅಲ್ರೀ, ಆಗ ಅಜ್ಜಗ ಹಂಗ ಅಂದ್ರಿ..." ಎಂದು ಮೆಲ್ಲಗೆ ಕೇಳಿದರೆ ಅವರು ನಾಚಿಕೊಳ್ಳಲಿಲ್ಲ. "ಅದು ಅಜ್ಜನ ಜೋಡಿ ಮಾತು. ಇದು ಇವರ ಜೋಡಿ ಮಾತು. ಇಬ್ಬರಿಗೂ ಹೌದಂದ್ರ ನರಗುಂದ ಬರೂತನಕ ಏನ್ ಮಾಡೂದು?"

ಹಾಡಿನ ವಿಷಯದಲ್ಲೂ ಹೀಗೇ. ಹೆಚ್ಚುಕಡಿಮೆ ದಿನಾ ಮುಂಜಾನೆ ನಮ್ಮ ಮನೆ ಮುಂದೆ ಒಂದು ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ಅದರ ಮಾಲೀಕ ಚಹಾ ಕುಡಿದು ಬರುವವರೆಗೆ ಅದರ ಸ್ಪೀಕರಿನಲ್ಲಿ ಹೊಸ ಜಾನಪದ ಹಾಡುಗಳು. ಗೋಡೆ ಮೇಲಿನ ಕ್ಯಾಲೆಂಡರ್ ನಡುಗಬೇಕು, ಅಷ್ಟು ಜೋರು! ನಮ್ಮದು ಕುಣಿಮಗ್ಗ. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯಬೇಕು. ಇವರು ಕೂತಲ್ಲಿಂದಲೇ ಶುರು ಮಾಡುತ್ತಿದ್ದರು. "ಇದು ಹಾಡೇನು? ಹುಡುಗಿ ಫೋನ್ ಎತ್ತಲಿಲ್ಲ ಅಂತ ಇಷ್ಟ್ಯಾಕ ಒದರತಾನವ? ರೇಂಜ್ ಇರಲಿಕ್ಕಿಲ್ಲ!"

ನಾನು ಪಕ್ಕದಲ್ಲಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತ ಕೂತವಳು. ಒಂದು ದಿನ ಕುಣಿಯೊಳಗೆ ಇಣುಕಿ ನೋಡಿದೆ. ಇವರ ಕಾಲುಗಳು ಅದೇ ಹಾಡಿಗೆ ಒಂದು ಪೆಟ್ಟೂ ತಪ್ಪದಂತೆ ಹಲಗೆ ತುಳಿಯುತ್ತಿದ್ದವು! ಟ್ರ್ಯಾಕ್ಟರ್ ಬಂದ ದಿನ ಸೀರೆ ಒಂದು ಮೊಳ ಹೆಚ್ಚೇ ಇಳಿಯುತ್ತಿತ್ತು. ಬಾಯಿ ವಿರೋಧ ಪಕ್ಷ, ಕಾಲು ಆಡಳಿತ ಪಕ್ಷ.

ಮತ ಎಣಿಕೆಯ ದಿನದ ಕಥೆಯನ್ನು ಹೇಳಲೋ ಬೇಡವೋ? ಹೇಳಿಯೇ ಬಿಡುತ್ತೇನೆ. ಟಿವಿಯನ್ನು ಮಗ್ಗದ ಎದುರಿಗೆ ತಂದಿಟ್ಟುಕೊಂಡು, ಅದರಲ್ಲಿ ಮಾತಾಡುವವನ ಜೊತೆ ವಾದಕ್ಕೆ ಕೂತರು. ಅವನು ಹಿನ್ನಡೆ ಎಂದರೆ ಇವರು ಮುನ್ನಡೆ, ಅವನು ಮುನ್ನಡೆ ಎಂದರೆ ಇವರು "ಸುಳ್ಳ!" ನಾನೂ ಪರದೆ ನೋಡುತ್ತ ಕೈಗೆ ಸಿಕ್ಕ ಕಂಡಿಕೆ ಕೊಟ್ಟೆ. ಇವರೂ ನೋಡದೆ ಲಾಳಿಗೆ ಹಾಕಿದರು. ಮಧ್ಯಾಹ್ನ ನೋಡಿದರೆ ಕುಂಕುಮ ಬಣ್ಣದ ಸೀರೆಯ ನಟ್ಟನಡುವೆ ಒಂದೂವರೆ ಗೇಣು ಅಚ್ಚ ಅರಿಶಿನ!

"ಇದು ಆ ಟಿವಿಯವನ ತಪ್ಪು," ಎಂದರು. ಆ ಅರಿಶಿನದ ಮೇಲೆ ಕೈಯಾಡಿಸಿ, "ನೀನ ಉಟ್ಕೋ. ನಿನಗ ಒಪ್ಪತೈತಿ."

ನಾನು ಹೂಂ ಅಂದೆ.

ಇದೇ ನೋಡಿ, ಅವರಿಗೆ ನನ್ನ ಮೇಲಿದ್ದ ಒಂದೇ ತಕರಾರು. ನಾನು ಏಳನೇ ಇಯತ್ತೆವರೆಗೆ ಓದಿದವಳು, ಮೊದಲಿನಿಂದಲೂ ಮಾತು ಕಡಿಮೆ. ಅವರು ಬಜೆಟ್ ಬಗ್ಗೆ ಹೇಳಿದರೆ ಹೂಂ, ಯುದ್ಧದ ಬಗ್ಗೆ ಹೇಳಿದರೆ ಹೂಂ. "ಏನರ ಎದುರು ಮಾತಾಡು ಮಾರಾಯ್ತಿ!" ಎಂದು ಲಾಳಿ ಕೈಯಲ್ಲಿ ಹಿಡಿದೇ ಕೂಗುತ್ತಿದ್ದರು. "ಗ್ವಾಡಿ ಜೋಡಿ ಸಂಸಾರ ಮಾಡಿದಂಗ ಆತು ನಂದು!" ಅವರು ನಗುತ್ತಲೇ ಅನ್ನುತ್ತಿದ್ದರು. ನನಗೆ ಮಾತ್ರ ಅದು ಒಳಗೆ ಮುಳ್ಳಿನಂತೆ ಕೂತಿತ್ತು. ಇಂಥ ಮಾತುಗಾರನಿಗೆ ತಕ್ಕ ಜೋಡಿ ನಾನಲ್ಲವೇನೋ?

ಕಳೆದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. "ಸುಮ್ಮನ ಬಿಡಬ್ಯಾಡ್ರಿ, ಏನರ ಮಾತಾಡಿಸ್ತಿರ್ರಿ," ಎಂದರು ದವಾಖಾನೆಯ ಡಾಕ್ಟರು. ಮಾತೇ ಇಲ್ಲದವರಿಗೆ ಹೂಂ ಅಂದು ಏನು ಪ್ರಯೋಜನ? ಪೇಪರ್ ತರಿಸಿದೆ. ಜೀವಮಾನದಲ್ಲಿ ಮೊದಲ ಸಲ ನನ್ನದೂ ಒಂದು ಅಭಿಪ್ರಾಯ ಹೇಳಿದೆ.

"ಈ ಸಲ ಬಜೆಟ್ ಭಾಳ ಚಲೋ ಐತ್ರಿ."

ದಿಂಬಿನ ಮೇಲೆ ತಲೆ ಮೆಲ್ಲಗೆ ಅತ್ತಿತ್ತ ಆಡಿತು. ಅಲ್ಲ.

"ಹಂಗಾರ ಭಾಳ ಕೆಟ್ಟದ್ದೈತ್ರಿ."

ಮತ್ತೆ ಅಲ್ಲ!

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ನರ್ಸಬಾಯಿ ಓಡಿ ಬಂದರು. ಅಂದಿನಿಂದ ದಿನವೂ ಅದೇ ಕೆಲಸ. ಮಂತ್ರಿಗಳನ್ನು ಹೊಗಳಿದೆ, ಬೈದೆ. ಆ ಟ್ರ್ಯಾಕ್ಟರ್ ಹಾಡೇ ಶ್ರೇಷ್ಠ ಎಂದೆ. ಅಲ್ಲ ಅನ್ನುವಷ್ಟು ದಿನ ಅವರು ಮೊದಲಿನ ನನ್ನವರೇ ಆಗಿದ್ದರು.

ಒಂದು ಮಧ್ಯಾಹ್ನ ಪೇಪರಿನಲ್ಲಿ ಹೇಳುವಂಥದ್ದೇನೂ ಉಳಿದಿರಲಿಲ್ಲ. ಅವರ ಎಡಗೈ ಹಿಡಿದು ಕೂತಿದ್ದೆ. ಮುಳ್ಳು ತಾನಾಗಿಯೇ ಹೊರಗೆ ಬಂತು.

"ನಾ ನಿಮಗ ತಕ್ಕ ಜೋಡಿ ಆಗಲಿಲ್ರಿ. ಮೂವತ್ತು ವರ್ಷ ಬರೇ ಹೂಂ ಅಂದೆ. ಮಾತಿಗೆ ಮಾತು ಕೊಡಾಕಿ ಸಿಗಬೇಕಿತ್ತು ನಿಮಗ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು.

ಅದಾದ ನಾಲ್ಕನೇ ದಿನ ಹೋಗಿಬಿಟ್ಟರು.

ಅವರ ದಿನಕರ್ಮದ ವಿಧಿಯೆಲ್ಲ ಮುಗಿದ ಮೇಲೆ ಆ ಮಧ್ಯಾಹ್ನದ ವಿಷಯವನ್ನು ಮೈದುನನಿಗೆ ಹೇಳಿದೆ. ಪಾಪ, ಅವನು ಸಮಾಧಾನ ಮಾಡಲೆಂದೇ ಅಂದ: "ಅಣ್ಣಗ ಯಾವುದಕ್ಕೂ ಅಲ್ಲ ಅನ್ನೂ ಚಟ ಇತ್ತಲ್ರಿ ವೈನಿ. ಅದನ್ನ ಭಾಳ ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಹೂಂ ಅನ್ನಬೇಕೆಂದು ಬಾಯಿ ತೆರೆದೆ.

"ಇಲ್ಲಪ್ಪ," ಎಂದೆ. "ನಿನಗ ಗೊತ್ತಿಲ್ಲ. ಅದೊಂದನ್ನ ಅವರು ವಿಚಾರ ಮಾಡಿ ಹೇಳ್ಯಾರ."

ಅವನು ಇನ್ನೇನೋ ಹೇಳಲು ಬಂದ. ನಾನು ಬಿಡಲಿಲ್ಲ.