ಬೀಯಮ್ಮನ ಮದ್ದಿಗೆ ಬ್ಯಾಚ್ ನಂಬರ್

ನಮ್ಮ ಮನೆಯ ಮದ್ದಿನ ಕಪಾಟನ್ನು ಕಾನೂನಿನ ಚೌಕಟ್ಟಿಗೆ ತರಲು ಒಬ್ಬ ಸಮರ್ಥ ಅಧಿಕಾರಿಯ ಅಗತ್ಯವಿತ್ತು. ದುಬೈಯಿಂದ ತೋಡಾರಿಗೆ ರಜೆಯಲ್ಲಿ ಬಂದ ನಾನು, ಅಬ್ದುಲ್ ರವೂಫ್, ಆ ಕೊರತೆಯನ್ನು ನೀಗಿಸಿದೆ. ದುಬೈಯಲ್ಲಿ ನಾನು ಔಷಧಿಯ ಗೋದಾಮಿನಲ್ಲಿದ್ದೇನೆ. ಪೆಟ್ಟಿಗೆಯ ಮೇಲಿನ ತಾರೀಕು ನೋಡಿ ಅವಧಿ ಮುಗಿದದ್ದನ್ನು ಬದಿಗಿಡುವುದು ನನ್ನ ಕೆಲಸ. ಪೆಟ್ಟಿಗೆಯೊಳಗೆ ಏನಿರುತ್ತದೆಂದು ಇಂದಿನವರೆಗೆ ನೋಡಿದವನಲ್ಲ. ಊರಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನನ್ನ ತಾಯಿ ಬೀಯಮ್ಮನ ಮದ್ದಿಗೆ ಮೂಡುಬಿದಿರೆಯವರೆಗೂ ಹೆಸರು. ಕೆಮ್ಮು, ಗಂಟುನೋವು, ತಲೆಯ ಹೇನು, ಕಟ್ಟಿದ ಹೊಟ್ಟೆ, ಎಲ್ಲಕ್ಕೂ ಕಪಾಟಿನಲ್ಲಿ ಒಂದೊಂದು ಬಾಟ್ಲಿ. ಬಾಟ್ಲಿಗಳೆಲ್ಲ ನಾನು ಗಲ್ಫಿನಿಂದ ತಂದು, ಮನೆಯವರು ಕುಡಿದು ಮುಗಿಸಿದ ಶರಬತ್ತಿನವು. ಒಂದರ ಮೇಲಾದರೂ ಹೆಸರಿಲ್ಲ, ತಾರೀಕಿಲ್ಲ! ನನಗೆ ರಾತ್ರಿ ನಿದ್ದೆ ಬರಲಿಲ್ಲ.

“ಉಮ್ಮಾ, ಗಿಡಮೂಲಿಕೆ ಅಂದ ಕೂಡಲೇ ಅಪಾಯ ಇಲ್ಲ ಅಂತ ಅಲ್ಲ. ಈಗ ಮದ್ದು ಮಾರ್ಲಿಕ್ಕೆ ಸರಕಾರದ ಲೈಸೆನ್ಸ್ ಬೇಕು. ಬಾಟ್ಲಿಯ ಮೇಲೆ ಬ್ಯಾಚ್ ನಂಬರ್ ಬೇಕು.”

“ನಾನು ಮಾರುದಿಲ್ಲ ಮೋನೇ. ಕೊಡುದು.”

“ಕೊಟ್ಟದ್ದರಿಂದ ಯಾರಿಗಾದ್ರೂ ಏನಾದ್ರೂ ಆದ್ರೆ? ನಂಬರ್ ಇದ್ರೆ ಆ ಬ್ಯಾಚನ್ನೇ ವಾಪಸ್ ತೆಗೆದುಕೊಳ್ಳಬಹುದು.”

“ಹೊಟ್ಟೆಯಿಂದಲಾ?” ಎಂದಳು ನನ್ನ ಹೆಂಡತಿ ನುಸ್ರತ್. ತರಬೇತಿಯಿಲ್ಲದವರ ಪ್ರಶ್ನೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನಗೆ ಅವಸರವೂ ಇತ್ತು. ಬರುವ ಭಾನುವಾರ ತಂಗಿ ಫಾಯಿಝಾಳನ್ನು ನೋಡಲು ನರಿಕೊಂಬಿನಿಂದ ಗಂಡಿನವರು ಬರುವವರಿದ್ದರು. ಮನೆ ಅಚ್ಚುಕಟ್ಟಾಗಿ ಕಾಣಬೇಡವೇ? ಫಾಯಿಝಾ ಉಜಿರೆಯಲ್ಲಿ ಕಾಲೇಜು ಉಪನ್ಯಾಸಕಿ. ಮದುವೆಯಾದರೂ ಕೆಲಸ ಬಿಡುವುದಿಲ್ಲ ಎಂದದ್ದಕ್ಕೆ ಹಿಂದಿನ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಈ ಹುಡುಗ ಅಜ್ಮಲ್‌ನ ಫೋಟೋ ನೋಡಲೆಂದು ನನ್ನ ಮೊಬೈಲ್ ತೆಗೆದುಕೊಂಡವಳು ಸಂಜೆಯವರೆಗೆ ವಾಪಸ್ ಕೊಟ್ಟಿರಲಿಲ್ಲ. ಹಾಗಾಗಿ ಈ ಸಂಬಂಧ ಕೂಡಿಬರಲಿ ಎಂದು ಮನೆಯವರೆಲ್ಲ ಒಳಗೊಳಗೇ ದುಆ ಮಾಡುತ್ತಿದ್ದೆವು.

ಶನಿವಾರ ಉಮ್ಮ ನೆಂಟರ ಮನೆಗೆ ಹೋದದ್ದೇ ತಡ, ಕಪಾಟು ತೆರೆದೆ. ಶುಚಿತ್ವವೇ ಮೊದಲ ನಿಯಮವಾದ್ದರಿಂದ ಮುಚ್ಚಳಗಳನ್ನೆಲ್ಲ ಬಿಚ್ಚಿ ಕುದಿಯುವ ನೀರಿಗೆ ಹಾಕಿದೆ. ಅವು ಸೊಟ್ಟಗಾದವು. ಚಿಂತೆಯಿಲ್ಲ ಎಂದು ಮದ್ದನ್ನೆಲ್ಲ ಬಿಳಿ ಮುಚ್ಚಳದ ಹೊಸ ಬಾಟ್ಲಿಗಳಿಗೆ ಸುರಿದು ಹಳೆಯದನ್ನು ಗುಜರಿಗೆ ಕೊಟ್ಟೆ. ಎಣ್ಣೆಗಳ ಗುರುತು ವಾಸನೆಯಿಂದ ಸಿಕ್ಕಿತು. ಕಷಾಯ ಮಾತ್ರ ಎರಡಿದ್ದವು. ಎರಡೂ ಕಪ್ಪು, ಎರಡಕ್ಕೂ ಬೆಲ್ಲ-ಶುಂಠಿಯ ವಾಸನೆ. ಕೆಮ್ಮಿನದು ಯಾವುದು, ಹೊಟ್ಟೆಯದು ಯಾವುದು? ಅಧಿಕಾರಿಯಾದವನು ಒಂದು ತೀರ್ಮಾನಕ್ಕೆ ಬರಲೇಬೇಕು. ಬಂದೆ. ಹೆಸರು, ಬ್ಯಾಚ್ ನಂಬರ್, ಅವಧಿ, ಕುಡಿಯಬೇಕಾದ ಅಳತೆ ಎಲ್ಲವನ್ನೂ ಪ್ರಿಂಟ್ ಮಾಡಿಸಿ ಅಂಟಿಸಿದೆ.

ಉಮ್ಮ ಬಂದು ಕಪಾಟು ತೆರೆದು ಬಾಟ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

“ನನ್ನ ಮುಚ್ಚಳ ಎಲ್ಲಿ?”

“ಮುಚ್ಚಳ ಯಾಕೆ ಉಮ್ಮಾ? ಹೆಸರೇ ಬರೆದಿದ್ದೇನಲ್ಲ!”

“ನನಗೆ ಓದ್ಲಿಕ್ಕೆ ಬರುದಿಲ್ಲ. ನಾಳೆ ನೆಂಟರು ಹೋಗ್ಲಿ, ರುಚಿ ನೋಡಿ ಬೇರೆ ಮಾಡ್ತೇನೆ. ಅಲ್ಲಿಯವರೆಗೆ ಯಾರಿಗೂ ಎಂಥದ್ದೂ ಕೊಡಬೇಡ.”

ಇಲಾಖೆಯ ಮೇಲೆ ಇಷ್ಟೊಂದು ಅವಿಶ್ವಾಸ ಒಳ್ಳೆಯದಲ್ಲ ಎಂದುಕೊಂಡೆ.

ಭಾನುವಾರ ಅಜ್ಮಲ್ ತನ್ನ ತಾಯಿ ಮೈಮೂನಮ್ಮನೊಂದಿಗೆ ಬಂದ. ಸಲಾಂ ಹೇಳುವಾಗಲೇ ಎರಡು ಸಲ ಕೆಮ್ಮಿದ. ಉಮ್ಮ ಅಡುಗೆಮನೆಯಲ್ಲಿ ಅಕ್ಕಿಹಿಟ್ಟಿನ ಪತ್ತಿರ್ ರೊಟ್ಟಿ ಬೇಯಿಸುತ್ತಿದ್ದರು. ನಾನು ಬಾಟ್ಲಿ ತಂದು ಲೇಬಲ್ ಅವನ ಕಡೆ ತಿರುಗಿಸಿ ಹಿಡಿದೆ.

“ಎಲ್ಲ ನಿಯಮಪ್ರಕಾರ ಉಂಟು. ಧೈರ್ಯವಾಗಿ ಕುಡಿಯಿರಿ.”

ಭಾವೀ ಭಾವನ ಮಾತು ಮೀರಬಾರದೆಂದು ಪಾಪದವನು ಅರ್ಧ ಗ್ಲಾಸನ್ನು ಒಂದೇ ಗುಟುಕಿಗೆ ಕುಡಿದ. ಅದರ ಮೇಲೆ ಪತ್ತಿರ್, ಕೋಳಿ ಸಾರು, ಪಾಯಸ ಎಲ್ಲವೂ ಆಯಿತು. ಹರಟೆಯೂ ಆಯಿತು. ಹುಡುಗ-ಹುಡುಗಿ ನಾಲ್ಕು ಮಾತಾಡಲಿ ಎಂದರು ಹಿರಿಯರು. ಪದ್ಧತಿಯಂತೆ ಅಣ್ಣನಾದ ನಾನು ಬಾಗಿಲ ಬಳಿ ಕುಳಿತೆ.

ಫಾಯಿಝಾ ನೇರವಾಗಿ ಕೇಳಿದಳು: “ಮದುವೆ ಆದ ಮೇಲೂ ನಾನು ಕಾಲೇಜಿಗೆ ಹೋಗ್ತೇನೆ. ನಿಮಗೆ ಒಪ್ಪಿಗೆ ಉಂಟಾ?”

ಅಜ್ಮಲ್ ಬಾಯಿ ತೆರೆದ. ಮುಖ ಬಿಳುಚಿತು. ಹಣೆಯಲ್ಲಿ ಬೆವರೊಡೆಯಿತು. ಒಂದಕ್ಷರ ಆಡದೆ ಎದ್ದು ಓಡಿದ.

“ನೋಡಿದ್ಯಾ? ಇವರೂ ಓಡಿದ್ರು.” ಫಾಯಿಝಾಳ ಕಣ್ಣು ತುಂಬಿತು.

ನನ್ನ ರಕ್ತ ಕುದಿಯಿತು. ತಂಗಿಯ ಕಣ್ಣೀರನ್ನು ನನ್ನಿಂದ ನೋಡಲಾಗುವುದಿಲ್ಲ. ಅವನ ಹಿಂದೆಯೇ ಹೋದೆ. ಕಕ್ಕಸಿನ ಬಾಗಿಲು ಹಾಕಿತ್ತು. ಬಾಗಿಲಿನ ಹೊರಗೆ ನಿಂತೇ ಸ್ತ್ರೀಶಿಕ್ಷಣದ ಬಗ್ಗೆ ಭಾಷಣ ಮಾಡಿದೆ.

“ಹೆಣ್ಣುಮಕ್ಕಳು ಕೆಲಸಕ್ಕೆ ಹೋದ್ರೆ ತಪ್ಪೇನು? ಹೇಳಿ!”

“ತಪ್ಪಿಲ್ಲ... ಏನೂ ತಪ್ಪಿಲ್ಲ...” ಎಂದಿತು ಒಳಗಿನಿಂದ ಕ್ಷೀಣ ದನಿ. ಅದರ ನಂತರ ಬಂದ ಉತ್ತರ ಮಾತಿನ ರೂಪದಲ್ಲಿರಲಿಲ್ಲ.

ಅಷ್ಟರಲ್ಲಿ ಉಮ್ಮ ಬಂದರು. “ಇವನಿಗೆ ಎಂಥ ಕೊಟ್ಟೆ?”

ಬಾಟ್ಲಿ ತೋರಿಸಿದೆ. ಉಮ್ಮ ಅಂಗೈಗೆ ಒಂದು ಹನಿ ಬಿಟ್ಟು ನಾಲಗೆಗೆ ತಾಗಿಸಿದರು.

“ಸೋನಾಮುಖಿ. ಹೊಟ್ಟೆ ತೊಳೆಯುವಂಥದ್ದು. ಇದಕ್ಕೆ ಹಸಿರು ಮುಚ್ಚಳ ಇತ್ತು, ಕೆಮ್ಮಿನದಕ್ಕೆ ಕೆಂಪು. ಒಂದು ಚಮಚ ಮೀರಬಾರದು. ನೀನು ಎಷ್ಟು ಕೊಟ್ಟೆ?”

“ಲೇಬಲಿನಲ್ಲಿ ಬರೆದಷ್ಟು.”

“ಬರೆದದ್ದು ಯಾರು?”

ನಾನು ಬಾಟ್ಲಿಯನ್ನು ತೆಗೆದುಕೊಂಡು ಲೇಬಲನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ನುಸ್ರತ್ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹೇಳಿದಂತೆ ಓಆರ್‌ಎಸ್ ಕೊಡುತ್ತಾ ಬಂದೆವು. ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಅಜ್ಮಲ್ ಗೋಡೆ ಹಿಡಿದುಕೊಂಡು ಬಂದ. ನೇರ ಫಾಯಿಝಾಳ ಮುಂದೆ ನಿಂತ.

“ನೀವು ಕಾಲೇಜಿಗೆ ಹೋಗಿ. ದಿನಾ ಹೋಗಿ. ನನಗೆ ಒಪ್ಪಿಗೆ ಉಂಟು,” ಎಂದವನು ಪುನಃ ಓಡಿದ. ಫಾಯಿಝಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ನಮಗೆ ಹುಡುಗಿ ಒಪ್ಪಿಗೆ. ಬೀಯಮ್ಮನ ಮದ್ದೂ ಒಪ್ಪಿಗೆ,” ಎಂದರು ಮೈಮೂನಮ್ಮ. ನನ್ನ ಬಗ್ಗೆ ಅವರು ಏನೂ ಹೇಳಲಿಲ್ಲ.

ಅವರ ಕಾರು ಗೇಟು ದಾಟಿದ ಮೇಲೆ ನುಸ್ರತ್ ಗಂಭೀರವಾಗಿ ಅತ್ತೆಯ ಬಳಿ ಹೋದಳು.

“ಉಮ್ಮಾ, ಇವರಿಂದ ಅಪಾಯ ಉಂಟು ಅಂತ ಇವತ್ತು ಗೊತ್ತಾಯ್ತಲ್ಲ. ನೀವು ಇವರನ್ನು ವಾಪಸ್ ತೆಗೆದುಕೊಳ್ತೀರಾ?”

ಉಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಹೇಗೆ ತೆಗೆದುಕೊಳ್ಳುದು ಮೋಳೇ? ಇವನ ಮೇಲೆ ಬ್ಯಾಚ್ ನಂಬರ್ ಇಲ್ಲ.”