ನೀಲಕೇತು ಹೋದ ದಿನ

"ಶುಕ್ರವಾರ ಬರೂದರಾಗ ಆ ನೀಲಕೇತುನ ಆಟ ಮುಗಸ್ತೀನಿ! ಇಲ್ಲಾಂದ್ರ ನನ್ನ ಹೆಸರು ಶಿವಶರಣಪ್ಪ ಅಲ್ಲ!"

ಟಿಕೋಟಾದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿರುವ ಶಿವಶರಣಪ್ಪ ಕನ್ನಡಿಯ ಮುಂದೆ ನಿಂತು ಹೀಗೆ ಶಪಥ ಮಾಡಿದ. ನೀಲಕೇತು ಅವನ ಓಣಿಯವನಲ್ಲ, ತಾಲೂಕಿನವನೂ ಅಲ್ಲ. ಏಳು ಸಂಪುಟಗಳ ಮಾಯಾಲೋಕದ ಕಾದಂಬರಿಯೊಂದರ ರಾಜಕುಮಾರ. ಹಾರುವ ಕುದುರೆ, ಹೆಗಲ ತನಕ ಕೂದಲು, ಮಾತು ಕಡಿಮೆ, ನಿಟ್ಟುಸಿರು ಜಾಸ್ತಿ! ಆರು ಸಂಪುಟ ಸಿನಿಮಾ ಆಗಿ ಬಂದುಹೋಗಿದ್ದವು. ಕೊನೆಯದು ಈ ಶುಕ್ರವಾರ ವಿಜಯಪುರಕ್ಕೆ ಬರಲಿತ್ತು. ಹೆಂಡತಿ ಚಂದ್ರಕಲಾ, ಬಬಲೇಶ್ವರದ ಶಾಲೆಯ ಟೀಚರು, ತಿಂಗಳಿಂದ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು. ತನ್ನ ಮದುವೆಗೂ ಅವಳು ಹಾಗೆ ಕಾದವಳಲ್ಲ!

"ನನ್ನೂ ಕರಕೊಂಡ ಹೋಗು."

"ನಿಮಗ ತಿಳಿಯೂದಿಲ್ರಿ. ನಾನು, ಅಂಜುಮ ಟೀಚರು ಹೊಂಟೇವಿ."

"ಅವನ ಕೂದಲಾ ನೋಡಾಕ ಏನ್ ತಿಳೀಬೇಕು?"

"ನಿಮ್ಮ ಕೂದಲಾ ಉದುರಿದ್ದಕ್ಕ ಅಂವೇನ್ ಮಾಡ್ಯಾನ್ರಿ? ಹೊಟ್ಟಿಕಿಚ್ಚು ಪಡಬ್ಯಾಡ್ರಿ."

ಹೊಟ್ಟೆಕಿಚ್ಚೇ! ಸುಳ್ಳೇಕೆ? ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಗೋಡೆಗೆ ಅಂಟಿಸಿದ್ದ ನೀಲಕೇತುವಿನ ಪೋಸ್ಟರನ್ನು ನೋಡುವ ಹಾಗೆ ಗಂಡನನ್ನು ಒಮ್ಮೆಯೂ ನೋಡಿರಲಿಲ್ಲ.

ಅವನ ಹೂಟ ಸರಳ. ಏಳನೇ ಸಂಪುಟ ಓದುವುದು, ನೀಲಕೇತು ಹೇಗೆ ಸಾಯುತ್ತಾನೆಂದು ಪತ್ತೆ ಹಚ್ಚುವುದು, ಗುರುವಾರ ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಮುಂದೆ ಹೇಳಿ ಸಿನಿಮಾದ ರುಚಿ ಕೆಡಿಸುವುದು! ಗೊಬ್ಬರದ ಚೀಲದ ಮೇಲಿನ ಬರಹಕ್ಕಿಂತ ದೊಡ್ಡದನ್ನೇನೂ ಓದದ ಮಹಾನುಭಾವ ಗುರುವಾರ ಅಂಗಡಿ ಮುಚ್ಚಿ, ಅವಳು ಶಾಲೆಗೆ ಹೋದದ್ದೇ ತಡ, ಕಪಾಟಿನಿಂದ ಪುಸ್ತಕ ಎಳೆದು ಕೂತ.

ಮೊದಲ ಹತ್ತು ಪುಟ ಆಕಳಿಕೆ. ಇಪ್ಪತ್ತನೇ ಪುಟಕ್ಕೆ ಚಹಾ ಆರಿತು. ಮಧ್ಯಾಹ್ನದ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಮೂರು ಗಂಟೆಗೆ ಹಿಮದುರ್ಗದ ಸೇತುವೆಯ ಮೇಲೆ ಒಬ್ಬನೇ ನಿಂತ ನೀಲಕೇತುವಿನ ಎದೆಗೆ ಬಾಣ ನಾಟಿತು.

"ಏಳ್ಲೇ! ಏಳೋ!" ಎಂದು ಶಿವಶರಣಪ್ಪ ಪುಸ್ತಕಕ್ಕೇ ಗದರಿದ. ಅವನು ಏಳಲಿಲ್ಲ. "ಅಯ್ಯಯ್ಯೋ, ಹ್ವಾದೆಲ್ಲೋ ನನ್ನಪ್ಪಾ!"

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಪರಸವ್ವ ಓಡಿಬಂದು ಕಿಟಕಿಯಲ್ಲಿ ಇಣುಕಿದಳು.

"ಯಾರು ಹ್ವಾದ್ರೋ ಯಪ್ಪಾ?"

"ನೀಲಕೇತು..." ಎಂದು ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ವಯಸ್ಸಾಗಿತ್ತೇನ?"

"ಇಪ್ಪತ್ತಾರು!"

"ಅಯ್ಯ ಶಿವನೇ! ಹರೇದ ಹುಡುಗ!"

ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು, ನೆರೆಯವರೇ ಉಣ್ಣಿಸಬೇಕು. ಅರ್ಧ ತಾಸಿನಲ್ಲಿ ಪರಸವ್ವನ ರೊಟ್ಟಿ-ಝುಣಕ ಬಂತು, ಹನಮವ್ವನ ಅನ್ನ-ಸಾರು ಬಂತು, ಹಿಂದೆಯೇ ಇಡೀ ಓಣಿ ಬಂತು! ಒಣದ್ರಾಕ್ಷಿ ವ್ಯಾಪಾರಿ ಗೈಬುಸಾಬ ಜೀಪನ್ನೇ ತಂದು ಬಾಗಿಲಿಗೆ ನಿಲ್ಲಿಸಿದ.

"ಮಣ್ಣು ಮಾಡೂದು ಎಲ್ಲಿ ಐತ್ರಿ? ಎಲ್ಲಾರೂ ಕೂಡೇ ಹೋಗೂಣು."

ಇಷ್ಟು ಜನ ಬಂದಮೇಲೆ ನಿಜ ಹೇಳುವ ಎದೆ ಯಾರಿಗಿದ್ದೀತು? "ಹಿಮದುರ್ಗದಾಗ್ರಿ," ಎಂದ ಶಿವಶರಣಪ್ಪ ಮೆಲ್ಲಗೆ.

"ಸೊಲ್ಲಾಪುರದ ಆಚೀಕಡೇನ?"

"ಇನ್ನೂ ಆಚೀಕಡೆ."

"ಹಂಗಾರ ಡೀಸೆಲ್ ಹಾಕಸ್ತೀನಿ ತಡೀರಿ," ಎಂದು ಗೈಬುಸಾಬ ಎದ್ದ.

ಐದಕ್ಕೆ ಬಸ್ಸಿಳಿದು ಬಂದ ಚಂದ್ರಕಲಾ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ಒಳಗೆ ಓಡಿದಳು. ಗಂಡ ಜೀವಂತ! ಕಣ್ಣು ಬಾತಿದ್ದವು. ತೊಡೆಯ ಮೇಲೆ ಏಳನೇ ಸಂಪುಟ, ಪುಟವೆಲ್ಲ ಒದ್ದೆ.

"ಚಂದ್ರಾ, ಅಂವ ಸಾಯ್ತಾನ..." ಎಂದು ಬಿಕ್ಕಿದ, ಅದನ್ನು ಹೇಳಿ ಹೆಂಡತಿಯನ್ನು ಅಳಿಸಲು ಹೊರಟಿದ್ದ ಶೂರ.

"ಗೊತ್ತೈತ್ರಿ. ಮೂರು ಸಲ ಓದೇನಿ," ಎಂದು ಅವಳು ಪಿಸುಗುಟ್ಟಿದಳು. ಸೆರಗಿನಿಂದ ಅವನ ಕಣ್ಣು ಒರೆಸಿದಳು. ಆಮೇಲೆ ಅವನನ್ನು ನೋಡಿದಳು. ಪೋಸ್ಟರನ್ನು ನೋಡುವ ಹಾಗೆಯೇ!

ಶಿವಶರಣಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಪರಸವ್ವ ಅವಳ ಬೆನ್ನು ಸವರಿದಳು.

"ತಡಕೋ ಯವ್ವಾ. ಹ್ವಾದಂವ ನಿಮಗ ಏನಾಗಬೇಕಿತ್ತು?"

ಚಂದ್ರಕಲಾ ನಿಟ್ಟುಸಿರು ಬಿಟ್ಟಳು.

"ನನಗೇನೂ ಇಲ್ಲ ಬಿಡಬೇ. ನಮ್ಮ ಮನಿಯವರಿಗೆ ಸವತಿ ಆಗಬೇಕಿತ್ತು."